ಪ್ರಿನ್ಸೆಸ್ ರಸ್ತೆ: ಹೆಸರಿದ್ದ ರಸ್ತೆಗೆ ಹೆಸರಿಡಲು ಹೊರಟಾಗ

ನನ್ನ ಅಜ್ಜಿ ಮೈಸೂರಿನ ಒಂಟಿಕೊಪ್ಪಲಿನವರು. ಅವರ ಬಾಯಲ್ಲಿ ಅದು ‘ಪ್ರಿನ್ಸಸ್ ರೋಡು’. ಅಮ್ಮನ ಬಾಯಲ್ಲಿ ‘ಸ್ಯಾನಿಟೋರಿಯಂ ರೋಡು’. ನಾನು ಆಟೊ ಹತ್ತಿದರೆ ‘ಕೆ.ಆರ್.ಎಸ್. ರೋಡಿಗೆ ಬಿಡಣ್ಣ’ ಅನ್ನುತ್ತೇನೆ. ಮೂರು ತಲೆಮಾರು, ಮೂರು ಹೆಸರು, ರಸ್ತೆ ಮಾತ್ರ ಒಂದೇ. 2024ರ ಕೊನೆಯಲ್ಲಿ ಆ ರಸ್ತೆಗೆ ನಾಲ್ಕನೆಯ ಹೆಸರಿಡುವ ಮಾತು ಬಂತು. ಆಗ ಇಡೀ ಊರೇ ಜಗಳಕ್ಕೆ ನಿಂತಿತು.

ನಗರವೊಂದು ತನ್ನ ರಸ್ತೆಗೋ ಆಸ್ಪತ್ರೆಗೋ ನಿಲ್ದಾಣಕ್ಕೋ ಹೇಗೆ ಹೆಸರಿಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನಮ್ಮಲ್ಲಿ ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಜಗಳದ ಬೇರು ಹೊಸ ಹೆಸರಿಗಿಂತ ಹಳೆಯ ಹೆಸರಿನಲ್ಲೇ ಜಾಸ್ತಿ ಇದೆ. ಹಾಗಾಗಿ ನಿಧಾನವಾಗಿ, ಮೊದಲಿನಿಂದ ಹೇಳುತ್ತೇನೆ.

ನಡೆದದ್ದು ಏನು

ಮೈಸೂರು ಮಹಾನಗರ ಪಾಲಿಕೆ 2024ರ ನವೆಂಬರ್‌ನಲ್ಲಿ ಒಂದು ನಿರ್ಣಯ ಮಾಡಿತು. ಡಿಸೆಂಬರ್‌ನಲ್ಲಿ ಅದರ ಪ್ರಕಟಣೆ ಹೊರಬಿತ್ತು. ಕೆ.ಆರ್.ಎಸ್. ರಸ್ತೆಯಲ್ಲಿ, ಒಂಟಿಕೊಪ್ಪಲಿನ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನದಿಂದ ಹೊರವರ್ತುಲ ರಸ್ತೆ ಸೇರುವ ಜಂಕ್ಷನ್‌ವರೆಗಿನ ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವ ಅದು. ಆಕ್ಷೇಪಣೆ, ಸಲಹೆ ಇದ್ದವರು 30 ದಿನಗಳೊಳಗೆ ಸಲ್ಲಿಸಬಹುದು ಎಂದಿತ್ತು. ಈ ಹೆಸರನ್ನು ಮುಂದಿಟ್ಟವರು ಚಾಮರಾಜ ಕ್ಷೇತ್ರದ ಕಾಂಗ್ರೆಸ್ ಶಾಸಕ ಕೆ. ಹರೀಶ್ ಗೌಡ.

ಇಂಥ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇರುತ್ತವೆ. ಹೆಚ್ಚಿನವರು ಪುಟ ಮಗುಚಿ ಮುಂದೆ ಹೋಗುತ್ತಾರೆ. ಇದನ್ನು ಮಾತ್ರ ಜನ ನಿಂತು ಓದಿದರು. ಕೆಲವೇ ದಿನಗಳಲ್ಲಿ ಜೆ.ಡಿ.ಎಸ್., ಬಿ.ಜೆ.ಪಿ. ಮುಖಂಡರು, ಸಾಮಾಜಿಕ ಕಾರ್ಯಕರ್ತರು, ಪರಂಪರೆಯ ಬಗ್ಗೆ ಕೆಲಸ ಮಾಡುವವರು ದನಿ ಎತ್ತಿದರು. ಮೈಸೂರು–ಕೊಡಗು ಸಂಸದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್, ಈ ರಸ್ತೆಗೆ ‘ಪ್ರಿನ್ಸೆಸ್ ರಸ್ತೆ’ ಎಂಬ ಹೆಸರು ಮೊದಲೇ ಇದೆ ಎಂದು ಹೇಳಿ ವಿರೋಧಿಸಿದರು. ಆದರೆ ಇದು ಪಕ್ಷದ ಗೆರೆಯ ಮೇಲೆ ನೇರವಾಗಿ ಒಡೆದ ಜಗಳವೇನೂ ಆಗಿರಲಿಲ್ಲ. ಬಿ.ಜೆ.ಪಿ.ಯ ಮಾಜಿ ಸಂಸದ ಪ್ರತಾಪ್ ಸಿಂಹ, ಮೈಸೂರಿಗೆ ಕೆಲಸ ಮಾಡಿದವರ ಹೆಸರು ಇಟ್ಟರೆ ತಪ್ಪೇನಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಅದೇ ಊರಿನ ಜಗಲಿಗಳಲ್ಲೂ ಅಭಿಪ್ರಾಯ ಹೀಗೇ ಅಡ್ಡಡ್ಡ ಹೋಯಿತು.

ಬೆಂಬಲಿಸಿದವರ ವಾದದ ತಿರುಳು ಎರಡು ಮಾತಿನಲ್ಲಿತ್ತು. ಈ ರಸ್ತೆಯ ಆಸ್ಪತ್ರೆಗಳು ಬೆಳೆಯಲು ಸಿದ್ದರಾಮಯ್ಯ ಕಾರಣ ಎಂಬುದು ಒಂದು. ದಾಖಲೆಯಲ್ಲಿ ಈ ಭಾಗಕ್ಕೆ ಹೆಸರೇ ಇಲ್ಲ ಎಂಬುದು ಇನ್ನೊಂದು.

ಮೊದಲನೆಯದನ್ನು ಒಪ್ಪಲೇಬೇಕು. ಅವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದ 2013ರಿಂದ 2018ರ ಅವಧಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ದೊಡ್ಡ ಕಟ್ಟಡ ಇಲ್ಲಿ ಎದ್ದಿತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಟ್ರಾಮಾ ಕೇರ್ ಸೆಂಟರ್ ಕೂಡ ಬಂದವು. ಎದೆನೋವು ಬಂದವರನ್ನು ಕರೆದುಕೊಂಡು ರಾತ್ರೋರಾತ್ರಿ ಬೆಂಗಳೂರಿಗೆ ಓಡುತ್ತಿದ್ದ ಕಾಲ ನಮ್ಮ ಮನೆಯವರಿಗೆ ಚೆನ್ನಾಗಿ ನೆನಪಿದೆ. ಚಾಮರಾಜನಗರ, ಕೊಡಗು, ಮಂಡ್ಯದಿಂದ ಬಂದವರು ಆ ಗೇಟಿನ ಮುಂದೆ ಬೆಳಗಿನ ಜಾವವೇ ಸಾಲು ನಿಂತಿರುವುದನ್ನು ನೋಡಿದರೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಇದನ್ನು ಸಣ್ಣದು ಮಾಡಿ ಹೇಳಿದರೆ ಅನ್ಯಾಯವಾಗುತ್ತದೆ.

ಎರಡನೆಯ ಮಾತು, ‘ಹೆಸರೇ ಇಲ್ಲ’ ಎಂಬುದು, ನನ್ನನ್ನು ಬಹಳ ಕಾಡಿತು. ಈ ಬರಹ ಹುಟ್ಟಿದ್ದೂ ಅದರಿಂದಲೇ.

ಯಾರು ಆ ಪ್ರಿನ್ಸೆಸ್

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮೂವರು ಸಹೋದರಿಯರು. ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ. ಮೂವರಿಗೂ ಊರಿನಲ್ಲಿ ಒಂದೊಂದು ಅರಮನೆಯಂಥ ಮನೆ ಕಟ್ಟಿಸಲಾಯಿತು. ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸ ಮೊದಲನೆಯವರದು. ಈಗ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇರುವ ಚೆಲುವಾಂಬಾ ವಿಲಾಸ ಕೊನೆಯವರದು. ಕಾರಂಜಿ ಕೆರೆಯ ಬಳಿಯ ಕಾರಂಜಿ ವಿಲಾಸ ನಡುವಿನವರದು. ಅಲ್ಲಿ ಈಗ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ. ಜಯಲಕ್ಷ್ಮಿಯ ಹೆಸರು, ಚೆಲುವಾಂಬೆಯ ಹೆಸರು ಮನೆಗೇ ಅಂಟಿಕೊಂಡವು. ಕೃಷ್ಣಾಜಮ್ಮಣ್ಣಿಯವರ ಮನೆಗೆ ಕೆರೆಯ ಹೆಸರು ಸಿಕ್ಕಿತು. ಅವರ ಸ್ವಂತ ಹೆಸರು ಉಳಿದದ್ದು ಒಂದು ಆಸ್ಪತ್ರೆಯಲ್ಲಿ.

ಕೃಷ್ಣಾಜಮ್ಮಣ್ಣಿಯವರು ಕರ್ನಲ್ ದೇಸರಾಜೇ ಅರಸರ ಪತ್ನಿ. ಅವರಿಗೆ ಕ್ಷಯ ಬಂತು. ಅವರೂ ಉಳಿಯಲಿಲ್ಲ, ಮಕ್ಕಳೂ ಅದೇ ಕಾಯಿಲೆಗೆ ತುತ್ತಾದರು. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಕಂಡುಹಿಡಿದಿದ್ದರೂ, ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿ ಇದ್ದದ್ದು ಒಳ್ಳೆಯ ಗಾಳಿ, ಬಿಸಿಲು, ಹಾಲು–ಮೊಟ್ಟೆ ಮತ್ತು ವಿಶ್ರಾಂತಿ. ಹಾಗಾಗಿ ಊರಿನ ಗದ್ದಲದಿಂದ ಹೊರಗೆ, ಎತ್ತರದ ಬಯಲಿನಲ್ಲಿ ಸ್ಯಾನಿಟೋರಿಯಂ ಕಟ್ಟುತ್ತಿದ್ದರು. ಉದ್ದದ ವರಾಂಡ, ದೊಡ್ಡ ಕಿಟಕಿ, ಸುತ್ತ ಮರ. ಅರಮನೆಯಲ್ಲಿ ಹುಟ್ಟಿದವರನ್ನೂ ಕೇರಿಯಲ್ಲಿ ಹುಟ್ಟಿದವರನ್ನೂ ಆ ಕಾಯಿಲೆ ಒಂದೇ ಥರ ಹೊತ್ತುಕೊಂಡು ಹೋಗುತ್ತಿತ್ತು.

ಆ ಸಾವಿನ ನೆನಪಿಗೆ ಊರಾಚೆ ಒಂದು ವಿಶಾಲ ಜಾಗದಲ್ಲಿ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಸ್ಯಾನಿಟೋರಿಯಂ ಕಟ್ಟಿಸಿದರು. ಅದು 1921ರಲ್ಲಿ ಶುರುವಾಯಿತು. ಅಲ್ಲಿಗೆ ಹೋಗುವ ದಾರಿಗೆ ಜನ ‘ಪ್ರಿನ್ಸೆಸ್ ರಸ್ತೆ’ ಎಂದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ರಸ್ತೆ ‘ಆರೋಗ್ಯ ಮಾರ್ಗ’ ಆಗಿದ್ದು ಹೇಗೆ? ಜಯದೇವ ಆಸ್ಪತ್ರೆ ಅಲ್ಲೇ ಯಾಕೆ ಬಂತು? ಸೂಪರ್ ಸ್ಪೆಷಾಲಿಟಿ, ಟ್ರಾಮಾ ಸೆಂಟರ್ ಅಲ್ಲೇ ಯಾಕೆ? ಸ್ಯಾನಿಟೋರಿಯಂಗೆ ಸೇರಿದ್ದ ಜಾಗ ಅಲ್ಲಿತ್ತು, ಅದಕ್ಕೇ. ಬೆಳೆದ ಊರಿನಲ್ಲಿ ಆಸ್ಪತ್ರೆ ಕಟ್ಟಲು ಒಟ್ಟಿಗೆ ಅಷ್ಟು ಸರ್ಕಾರಿ ಜಾಗ ಸಿಗುವುದು ಸುಲಭವಲ್ಲ. ನೂರು ವರ್ಷದ ಹಿಂದೆ ಒಂದು ಮನೆಯ ಸಾವಿನ ನೆನಪಿಗೆ ಬಿಟ್ಟ ಜಾಗವೇ ಇವತ್ತು ಹೃದಯಕ್ಕೆ, ಅಪಘಾತಕ್ಕೆ ಆಸರೆಯಾಗಿದೆ. ಹೊಸ ಹೆಸರಿಗೆ ಯಾವ ಆರೋಗ್ಯವನ್ನು ಕಾರಣವಾಗಿ ಕೊಟ್ಟರೋ, ಆ ಆರೋಗ್ಯದ ನೆಲ ಹಳೆಯ ಹೆಸರಿನದು. ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಸಂಗತಿ ಇದು. ಆದರೆ ಆಗಿನ ಗದ್ದಲದಲ್ಲಿ ರಾಜಮನೆತನ, ಪಕ್ಷ, ಜಾತಿಯ ಮಾತುಗಳ ನಡುವೆ ಇದು ಅಷ್ಟಾಗಿ ಕೇಳಿಸಲಿಲ್ಲ.

ಮೂರಕ್ಷರಕ್ಕೆ ಸವೆದ ಹೆಸರು

ಹಾಗಾದರೆ ‘ಹೆಸರೇ ಇಲ್ಲ’ ಎಂದು ಹೇಳಲು ಹೇಗೆ ಸಾಧ್ಯವಾಯಿತು? ಅದಕ್ಕೆ ನಾವೂ ಕಾರಣ ಎಂದು ನನಗೆ ಅನ್ನಿಸುತ್ತದೆ.

ಮೈಸೂರಿನವರು ಹೆಸರನ್ನು ಮೊಟಕು ಮಾಡುವುದರಲ್ಲಿ ಮುಂದು. ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಜೆ.ಎಲ್.ಬಿ. ರಸ್ತೆ. ಬೆಂಗಳೂರು–ನೀಲಗಿರಿ ರಸ್ತೆ ಬಿ.ಎನ್. ರಸ್ತೆ. ದೇವರಾಜ ಅರಸು ರಸ್ತೆ ಡಿ.ಡಿ. ಅರಸು ರಸ್ತೆ. ಹೆಗ್ಗಡದೇವನಕೋಟೆಯನ್ನು ಎಚ್.ಡಿ. ಕೋಟೆ ಮಾಡಿದವರು ನಾವು. ವಾಣಿವಿಲಾಸ ಮೊಹಲ್ಲಾ ವಿ.ವಿ. ಮೊಹಲ್ಲಾ ಆಯಿತು. ಅಲ್ಲೇ ಹುಟ್ಟಿ ಬೆಳೆದ ಹುಡುಗರಲ್ಲಿ ಎಷ್ಟೋ ಜನಕ್ಕೆ ಆ ಎರಡು ‘ವಿ’ ಏನೆಂದು ಗೊತ್ತಿಲ್ಲ. ಹತ್ತು ವರ್ಷದ ನಾಲ್ವಡಿಯವರ ಪರವಾಗಿ ರಾಜ್ಯವಾಳಿದ ಮಹಾರಾಣಿಯ ಹೆಸರು ಅದು.

ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟ್ಯುಬರ್ಕ್ಯುಲೋಸಿಸ್ ಸ್ಯಾನಿಟೋರಿಯಂ ಕೂಡ ಹೀಗೇ ‘ಪಿ.ಕೆ.ಟಿ.ಬಿ.’ ಆಯಿತು. ಬಸ್ಸಿನ ಕಂಡಕ್ಟರ್ ‘ಪೀಕೆ, ಪೀಕೆ’ ಎಂದು ಕೂಗುತ್ತಾರೆ. ‘ಪಿ’ ಅಂದರೆ ರಾಜಕುಮಾರಿ, ‘ಕೆ’ ಅಂದರೆ ಕೃಷ್ಣಾಜಮ್ಮಣ್ಣಿ ಎಂದು ಬಿಡಿಸಿ ಹೇಳುವವರು ಕಡಿಮೆ. ರಸ್ತೆ ಮುಂದೆ ಕನ್ನಂಬಾಡಿ ಕಟ್ಟೆಗೆ ಹೋಗುತ್ತದೆ. ಕಟ್ಟೆಯ ಹೆಸರು ಕೃಷ್ಣರಾಜ ಸಾಗರ, ಮೊಟಕಾಗಿ ಕೆ.ಆರ್.ಎಸ್. ಕಾರು ಬೈಕು ಜಾಸ್ತಿಯಾಗಿ, ಕಟ್ಟೆಯ ಕೆಳಗಿನ ಬೃಂದಾವನಕ್ಕೆ ಹೋಗುವ ಪ್ರವಾಸಿಗರು ಜಾಸ್ತಿಯಾಗಿ, ದಾರಿಯ ಕೊನೆಯಲ್ಲಿರುವ ಊರಿನ ಹೆಸರೇ ಇಡೀ ದಾರಿಗೆ ನಿಂತಿತು. ಹುಣಸೂರು ರಸ್ತೆ, ಬನ್ನೂರು ರಸ್ತೆಗಳ ಹಾಗೆ. ಸಹೋದರಿಯ ಹೆಸರಿನ ಮೇಲೆ ಸಹೋದರನ ಹೆಸರು ಬಂದು ಕೂತಿತು. ಯಾರೂ ನಿರ್ಣಯ ಮಾಡಲಿಲ್ಲ, ಪ್ರಕಟಣೆ ಹೊರಡಿಸಲಿಲ್ಲ. ತಾನಾಗಿ ಆಯಿತು.

ಜನ ಹೆಸರು ಮರೆಯುವುದೂ ಹೊಸದು ಕಟ್ಟುವುದೂ ಸಹಜ. ಬೆಂಗಳೂರಿನ ಮೆಜೆಸ್ಟಿಕ್ ನೋಡಿ. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು, ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು, ಪಕ್ಕದ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಮೂರೂ ಸರ್ಕಾರಿ ಹೆಸರುಗಳೇ, ಮೂರೂ ದೊಡ್ಡವರ ಹೆಸರುಗಳೇ. ಆದರೂ ಊರು ಅದನ್ನು ಕರೆಯುವುದು ಈಗ ಇಲ್ಲವೇ ಇಲ್ಲದ ಒಂದು ಸಿನಿಮಾ ಟಾಕೀಸಿನ ಹೆಸರಿನಿಂದ. ಬಾಯಿಯ ಹೆಸರಿಗೆ ಬೋರ್ಡಿನ ಹಂಗಿಲ್ಲ.

ಆದರೆ ಬಾಯಿಯ ಹೆಸರಿಗೆ ಒಂದು ಕಷ್ಟವಿದೆ. ಅದನ್ನು ಹೇಳುವ ತಲೆಮಾರು ಹೋದ ಮೇಲೆ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕಚೇರಿಯ ಕಡತ ತೆರೆದು ‘ಇಲ್ಲಿ ಏನೂ ಬರೆದಿಲ್ಲ’ ಎಂದರೆ ಮುಗಿಯಿತು. ಕಡತದಲ್ಲಿ ಇಲ್ಲದ ಹೆಸರು ಇಲ್ಲವೇ ಇಲ್ಲ ಎಂದಾಗುತ್ತದೆ. ನನ್ನ ಅಜ್ಜಿಯ ಬಾಯಿಯ ಮಾತು ಯಾವ ಕಡತಕ್ಕೆ ಸೇರಬೇಕಿತ್ತು? ಅದಕ್ಕೆ ಜಾಗವೇ ನಮ್ಮಲ್ಲಿಲ್ಲ.

ಹೆಸರಿಡುವ ಅಧಿಕಾರ ಯಾರದು

ಒಂದೊಂದು ಸೌಲಭ್ಯಕ್ಕೆ ಒಂದೊಂದು ದಾರಿ. ವಿಮಾನ ನಿಲ್ದಾಣಕ್ಕೆ ಹೆಸರು ಬೇಕಾದರೆ ರಾಜ್ಯ ಕೇಳಬೇಕು, ಕೇಂದ್ರ ಕೊಡಬೇಕು. ಬೆಂಗಳೂರಿನ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. ಅದಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರ ಡಿಸೆಂಬರ್‌ನಲ್ಲಿ. ರೈಲು ನಿಲ್ದಾಣದ ಹೆಸರು ಬದಲಿಸಬೇಕಾದರೆ ಕೇಂದ್ರ ಗೃಹ ಸಚಿವಾಲಯ ಒಪ್ಪಬೇಕು. ಊರು, ನಿಲ್ದಾಣಗಳ ಹೆಸರು ಬದಲಿಸುವ ಬಗ್ಗೆ ಆ ಸಚಿವಾಲಯ 1953ರಲ್ಲೇ ಮಾರ್ಗಸೂಚಿ ಮಾಡಿತ್ತು. ಇತಿಹಾಸದ ನಂಟಿರುವ ಹೆಸರನ್ನು ಆದಷ್ಟು ಮುಟ್ಟಬಾರದು ಎಂಬ ಮಾತು ಅದರಲ್ಲಿದೆ.

ಊರೊಳಗಿನ ರಸ್ತೆ, ಉದ್ಯಾನ, ವೃತ್ತದ ಹೆಸರು ಪಾಲಿಕೆಯ ಕೆಲಸ. ಬೆಂಗಳೂರು ಬಿಟ್ಟರೆ ನಮ್ಮ ರಾಜ್ಯದಲ್ಲಿ ಪಾಲಿಕೆಗಳು ನಡೆಯುವುದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಕೆಳಗೆ. ಪ್ರಸ್ತಾವ ಎಲ್ಲಿಂದಲಾದರೂ ಬರಬಹುದು. ಶಾಸಕರಿಂದ, ಕಾರ್ಪೊರೇಟರ್‌ಗಳಿಂದ, ಒಂದು ಸಂಘದಿಂದ, ಬಡಾವಣೆಯ ನಿವಾಸಿಗಳಿಂದ. ಪಾಲಿಕೆ ಸಭೆಯಲ್ಲಿ ನಿರ್ಣಯವಾಗುತ್ತದೆ. ಸಾರ್ವಜನಿಕರಿಂದ ಆಕ್ಷೇಪಣೆ ಕೇಳುತ್ತಾರೆ. ಕೊನೆಗೆ ಸರ್ಕಾರದ ಒಪ್ಪಿಗೆ. ಕಾಗದದ ಮೇಲೆ ಇದು ಒಳ್ಳೆಯ ಕ್ರಮವೇ. ಆದರೆ ಪ್ರತಿ ಹಂತದಲ್ಲೂ ಯಾರು ಕೂತಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೈಸೂರಿನಲ್ಲಿ ಆಗ ಸಭೆಯೇ ಇರಲಿಲ್ಲ. 65 ವಾರ್ಡಿನ ಚುನಾಯಿತ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿದಿತ್ತು. ಆಮೇಲೆ ಚುನಾವಣೆ ನಡೆಯಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿ ಆಡಳಿತವಿತ್ತು. ಅಂದರೆ ನಿರ್ಣಯ ಆದದ್ದು ಅಧಿಕಾರಿಗಳ ಮಟ್ಟದಲ್ಲಿ. ಹೆಸರು ಮುಖ್ಯಮಂತ್ರಿಯದು. ಕೊನೆಯ ಒಪ್ಪಿಗೆ ಕೊಡಬೇಕಾದದ್ದು ಅದೇ ಮುಖ್ಯಮಂತ್ರಿಯ ಸರ್ಕಾರ. ಅಧಿಕಾರಿಗಳು ಎಷ್ಟೇ ಒಳ್ಳೆಯವರಾಗಿರಲಿ, ‘ಇದು ಬೇಡ ಸಾರ್’ ಎಂದು ಹೇಳುವ ಬಾಯಿ ಆ ಸಾಲಿನಲ್ಲಿ ಎಲ್ಲಿಂದ ಬರಬೇಕು?

ಕಾನೂನಿನ ಪ್ರಕಾರ ಚುನಾಯಿತ ಸಭೆಯ ಅಧಿಕಾರ ಆಡಳಿತಾಧಿಕಾರಿಗೂ ಇರುತ್ತದೆ, ನಿಜ. ಚರಂಡಿ, ನೀರು, ಕಸದ ಕೆಲಸ ನಿಲ್ಲಬಾರದು, ಅದಕ್ಕೆ ಆ ಅಧಿಕಾರ ಬೇಕು. ಆದರೆ ರಸ್ತೆಗೆ ಹೆಸರಿಡುವುದು ನಾಳೆಗೆ ಬಿಟ್ಟರೆ ಕೆಡುವ ಕೆಲಸವಲ್ಲ. ಜನ ಆರಿಸಿದವರು ಬರುವವರೆಗೆ ಕಾಯಬಹುದಿತ್ತು. ಮನೆಯಲ್ಲಿ ಮಗುವಿಗೆ ಹೆಸರಿಡುವಾಗ ಅಜ್ಜ ಅಜ್ಜಿ ಊರಿನಿಂದ ಬರಲಿ ಎಂದು ದಿನ ಮುಂದೆ ಹಾಕುತ್ತೇವೆ, ಅಲ್ವಾ? ಊರಿಗೂ ಅಷ್ಟು ಮರ್ಯಾದೆ ಸಲ್ಲಬೇಕಿತ್ತು.

ಬದುಕಿರುವವರ ಹೆಸರು

ವಿರೋಧಿಸಿದವರ ಇನ್ನೊಂದು ಮಾತು, ಬದುಕಿರುವವರ ಹೆಸರು ಬೇಡ ಎಂಬುದು. ಅದರಲ್ಲೂ ಅಧಿಕಾರದಲ್ಲಿ ಇರುವವರದು.

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಕಾರಣ ಬೇರೆ. ಬದುಕಿರುವವರ ಲೆಕ್ಕ ಇನ್ನೂ ತೆರೆದೇ ಇರುತ್ತದೆ. ಆ ದಿನಗಳಲ್ಲೇ ಸಿದ್ದರಾಮಯ್ಯನವರ ಪತ್ನಿಗೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಕೊಟ್ಟ ನಿವೇಶನಗಳ ವಿವಾದ ಕಾವೇರಿತ್ತು. ವಿರೋಧಿಗಳು ಅದನ್ನೂ ಹೆಸರಿನ ಜಗಳಕ್ಕೆ ತಂದು ಕಟ್ಟಿದರು. ಆರೋಪದ ಸರಿ ತಪ್ಪು ನ್ಯಾಯಾಲಯದ ವಿಷಯ. ಅದನ್ನು ಬದಿಗಿಟ್ಟು ನೋಡಿದರೂ ಒಂದು ತೊಂದರೆ ಕಾಣುತ್ತದೆ. ರಸ್ತೆಯ ಬೋರ್ಡು ಆ ವ್ಯಕ್ತಿಯ ಪ್ರತಿದಿನದ ರಾಜಕೀಯಕ್ಕೆ ಸಿಕ್ಕಿಬೀಳುತ್ತದೆ. ಗೆದ್ದಾಗ ಹಾರ, ಸೋತಾಗ ಮಸಿ. ಸಿದ್ದರಾಮನಹುಂಡಿಯಿಂದ ಬಂದು, ಇದೇ ಮೈಸೂರಿನಲ್ಲಿ ವಕೀಲಿಕೆ ಮಾಡಿ, ಎರಡು ಸಲ ಮುಖ್ಯಮಂತ್ರಿಯಾದವರ ಹೆಸರು ಹೀಗೆ ಕಿತ್ತಾಟದ ವಸ್ತುವಾಗುವುದು ಅವರಿಗೂ ಗೌರವವಲ್ಲ.

ಕೆಲಸ ಮಾಡಿದವರನ್ನು ನೆನೆಯುವ ದಾರಿ ಬೇರೆ ಇದ್ದವು. ಅವರ ಕಾಲದಲ್ಲಿ ಕಟ್ಟಿದ ಕಟ್ಟಡದ ಗೋಡೆಯ ಮೇಲೆ ಒಂದು ಕಲ್ಲಿನ ಫಲಕ ಸಾಕಿತ್ತು. ಇಂಥ ವರ್ಷ, ಇಂಥವರ ಸರ್ಕಾರ, ಇಷ್ಟು ಹಾಸಿಗೆಯ ಆಸ್ಪತ್ರೆ ಎಂದು. ಅದು ನಿಜವಾದ ದಾಖಲೆ, ಯಾರೂ ಅಲ್ಲಗಳೆಯಲಾರರು. ಹೊಸದಾಗಿ ಆಗುವ ರಸ್ತೆಗಳಿಗೂ ಮೈಸೂರಿನಲ್ಲಿ ಬರವಿಲ್ಲ. ಊರು ಹೊರವರ್ತುಲ ರಸ್ತೆಯನ್ನೂ ದಾಟಿ ಹರಡುತ್ತಿದೆ. ‘ಮೊದಲನೇ ಮೇನ್, ಎಂಟನೇ ಕ್ರಾಸ್’ ಎಂದು ಸಂಖ್ಯೆಯಲ್ಲೇ ನಿಂತ ಬಡಾವಣೆಗಳು ಎಷ್ಟೋ ಇವೆ. ಅವಕ್ಕೆಲ್ಲ ಹೆಸರು ಬೇಕು.

ದಿಲ್ಲಿಯ ರಸ್ತೆಗಳ ಬಗ್ಗೆ ಗೃಹ ಸಚಿವಾಲಯ 1975ರಲ್ಲಿ ಹೇಳಿದ್ದೂ ಇದನ್ನೇ. ಹೆಸರು ಬದಲಿಸಿದರೆ ಅಂಚೆಯವರಿಗೂ ಜನರಿಗೂ ಗೊಂದಲ, ಜತೆಗೆ ಇತಿಹಾಸದ ಅರಿವೂ ತಪ್ಪುತ್ತದೆ. ಹಾಗಾಗಿ ಇರುವ ಹೆಸರು ಇರಲಿ, ದೊಡ್ಡವರ ಹೆಸರು ಹೊಸ ರಸ್ತೆಗೆ ಹೋಗಲಿ ಎಂಬ ನಿಲುವು ಅದು. ಆ ನಿಲುವು ಅಲ್ಲೇ ಉಳಿಯಲಿಲ್ಲ. 2015ರಲ್ಲಿ ಔರಂಗಜೇಬ್ ರಸ್ತೆ ಎ.ಪಿ.ಜೆ. ಅಬ್ದುಲ್ ಕಲಾಂ ರಸ್ತೆಯಾಯಿತು. ಮರುವರ್ಷ ರೇಸ್ ಕೋರ್ಸ್ ರಸ್ತೆ ಲೋಕ ಕಲ್ಯಾಣ ಮಾರ್ಗವಾಯಿತು. ಯಾವ ಪಕ್ಷವೂ ಈ ಆಸೆಯಿಂದ ಹೊರಗಿಲ್ಲ. ಕಲಾಂ ಅವರ ಹೆಸರಿಗೆ ನಾನು ಕೈ ಮುಗಿಯುತ್ತೇನೆ. ಅವರ ಹೆಸರಿಗೆ ಒಂದು ಹೊಸ ಹೆದ್ದಾರಿಯನ್ನೇ ಕೊಡಬಹುದಿತ್ತು.

ಹಣ ಕೊಟ್ಟವರ ಹೆಸರು ಬೇರೆಯೇ ಒಂದು ದಾರಿ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲಿ ‘ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’ ಎಂಬ ನಿಲ್ದಾಣಗಳಿವೆ. ಅಲ್ಲಿ ಊರಿನ ಹೆಸರು ಉಳಿದಿದೆ, ಕೊಟ್ಟವರ ಹೆಸರು ಅದರ ಮುಂದೆ ಸೇರಿದೆ. ಒಪ್ಪಿಗೆ ಆಗುತ್ತದೋ ಇಲ್ಲವೋ, ಕನಿಷ್ಠ ಕೋನಪ್ಪನನ್ನು ಅಳಿಸಲಿಲ್ಲ ಎಂಬುದು ದೊಡ್ಡ ಮಾತು.

ಮೂವತ್ತು ದಿನ

ಈ ಪ್ರಕರಣದಲ್ಲಿ ನನಗೆ ಖುಷಿ ಕೊಟ್ಟ ಭಾಗವೊಂದಿದೆ. ಅದು ಆ 30 ದಿನಗಳದು.

ಜನ ಹಳೆಯ ಕಾಗದ ಹುಡುಕಿದರು. ನಮ್ಮ ಮನೆಯಲ್ಲೂ ಹುಡುಕಿದೆವು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜಿಗೆ ಬಂದ ಒಂದು ಹಳೆಯ ಅಂಚೆ ಕಾರ್ಡು ಸಿಕ್ಕಿತು. ವಿಳಾಸದಲ್ಲಿ ‘ಪ್ರಿನ್ಸೆಸ್ ರೋಡ್, ಒಂಟಿಕೊಪ್ಪಲ್’ ಎಂದು ನೀಲಿ ಮಸಿಯಲ್ಲಿ ಬರೆದಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು. ಪಾಲಿಕೆಯ ಕಡತದಲ್ಲಿ ಇದೆಯೋ ಇಲ್ಲವೋ, ಅಂಚೆಯವರಿಗೆ ಆ ರಸ್ತೆ ಯಾವುದು ಎಂದು ಗೊತ್ತಿತ್ತು. ಕಾರ್ಡು ಮನೆಗೆ ಬಂದು ತಲುಪಿತ್ತಲ್ಲ.

ಅದರ ನಕಲು ತೆಗೆಸಿ, ಒಂದು ಪುಟದ ಅರ್ಜಿ ಬರೆದೆ. ಸಿದ್ದರಾಮಯ್ಯನವರ ಮೇಲೆ ಒಂದು ಮಾತೂ ಬರೆಯಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಈ ರಸ್ತೆಗೆ ಹೆಸರಿದೆ, ಇಗೋ ಸಾಕ್ಷಿ, ಎಂದಷ್ಟೇ. ಪಕ್ಕದ ಮನೆಯ ಮೇಷ್ಟ್ರು ಓದಿ, ‘ಇಷ್ಟೇನಾ? ಸ್ವಲ್ಪ ಖಾರ ಇರಲಮ್ಮ’ ಎಂದರು. ‘ಬೇಡ ಮೇಷ್ಟ್ರೇ, ಕಾರ್ಡೇ ಮಾತಾಡಲಿ’ ಎಂದೆ. ಅವರೂ ಕೆಳಗೆ ರುಜು ಹಾಕಿದರು.

ಮೂವತ್ತು ದಿನದ ಆ ಕಿಟಕಿ ಇಲ್ಲದೇ ಹೋಗಿದ್ದರೆ ಇಷ್ಟು ಜನ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಪೂರ್ತಿಯಾಗಿ ಉಚ್ಚರಿಸುತ್ತಿರಲಿಲ್ಲ. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ, ಟೀ ಅಂಗಡಿಗಳಲ್ಲಿ ಅವರ ಕಥೆ ಓಡಾಡಿತು. ನನ್ನ ವಯಸ್ಸಿನವರಿಗೇ ಆ ಕಥೆ ಸರಿಯಾಗಿ ಗೊತ್ತಿರಲಿಲ್ಲ. ಹೆಸರು ಅಳಿಸುವ ಪ್ರಸ್ತಾವವೇ ಆ ಹೆಸರನ್ನು ಮತ್ತೆ ಊರಿನ ಬಾಯಿಗೆ ತಂದಿತು.

ಆದರೆ ಆ ಕಿಟಕಿ ಬಹಳ ತಡವಾಗಿ ತೆರೆಯುತ್ತದೆ. ಹೆಸರು ಮೊದಲೇ ತೀರ್ಮಾನವಾಗಿರುತ್ತದೆ, ಆಮೇಲೆ ನಮ್ಮನ್ನು ಕೇಳುತ್ತಾರೆ. ಆಗ ಉತ್ತರ ಕೊಡುವುದೆಂದರೆ ಒಬ್ಬರ ಪರವೋ ವಿರುದ್ಧವೋ ನಿಂತ ಹಾಗೆ. ‘ಈ ರಸ್ತೆಗೆ ಏನು ಹೆಸರಿದೆ?’ ಎಂದು ಮೊದಲು ಕೇಳಿದರೆ ಜಗಳದ ಜಾಗದಲ್ಲಿ ನೆನಪು ಬರುತ್ತದೆ. ವಯಸ್ಸಾದವರು ಬರುತ್ತಾರೆ, ಹಳೆಯ ವಿಳಾಸ ತರುತ್ತಾರೆ, ಅಂಗಡಿಯ ಹಳೆಯ ಬೋರ್ಡಿನ ಫೋಟೊ ತರುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಇದೇ ಊರಿನಲ್ಲಿದೆ. ಪತ್ರಾಗಾರವಿದೆ. ಪಾಲಿಕೆ ಒಂದು ಪತ್ರ ಬರೆದು ಕೇಳಿದರೆ ಹುಡುಕಿ ಕೊಡುವವರು ಖಂಡಿತ ಇದ್ದಾರೆ.

ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಈಗಿರುವ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ರಸ್ತೆ ಎಲ್ಲಿಂದ ಎಲ್ಲಿಗೆ ಎಂದಿರುತ್ತದೆ, ಹೊಸ ಹೆಸರು ಇರುತ್ತದೆ. ಅದಕ್ಕೆ ನಾಲ್ಕು ಸಾಲು ಸೇರಿಸಿದರೆ ಸಾಕು. ನಿರ್ಣಯ ಮಾಡುವ ಮೊದಲೇ ಆ ನಾಲ್ಕು ಸಾಲು ತುಂಬಿಸಬೇಕು ಎಂದು ಒಂದು ಕಟ್ಟುಪಾಡು ಇರಬೇಕು, ಅಷ್ಟೇ. ನನ್ನ ಅರ್ಜಿಯ ಹಿಂದೆ ಅಂಥ ಒಂದು ನಮೂನೆಯನ್ನೂ ಬರೆದು ಲಗತ್ತಿಸಿದ್ದೆ. ನಮ್ಮ ರಸ್ತೆಗೆ ಅದನ್ನು ಹೀಗೆ ತುಂಬಿಸಿದ್ದೆ:

ಈ ರಸ್ತೆಯನ್ನು ಜನ ಈಗ ಕರೆಯುವ ಹೆಸರು: ಕೆ.ಆರ್.ಎಸ್. ರಸ್ತೆ.

ಇದಕ್ಕೆ ಮೊದಲು ಕರೆಯುತ್ತಿದ್ದ ಹೆಸರು: ಸ್ಯಾನಿಟೋರಿಯಂ ರಸ್ತೆ. ಅದಕ್ಕೂ ಮೊದಲು ಪ್ರಿನ್ಸೆಸ್ ರಸ್ತೆ.

ಆ ಹೆಸರು ಬರಲು ಕಾರಣ: ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ ಆಸ್ಪತ್ರೆ ಈ ರಸ್ತೆಯಲ್ಲಿದೆ, 1921ರಿಂದ ಇಲ್ಲಿ ರೋಗಿಗಳನ್ನು ನೋಡುತ್ತಿದ್ದಾರೆ.

ಹೇಳಿದವರು: ಒಂಟಿಕೊಪ್ಪಲಿನ ಒಬ್ಬ ಅಜ್ಜಿ. ಲಗತ್ತು, ಅಂಚೆ ಕಾರ್ಡು ಒಂದು.